ರೋಬೋಟಿಗೆ ಟ್ಯೂಬ್ ಅಲ್ಲಾಡಿಸಲು ಯಾರು ಹೇಳಿಕೊಡಬೇಕು? ಮಾಸ್ ಸ್ಪೆಕ್ ರಕ್ತಪರೀಕ್ಷೆಯನ್ನು ಆಟೊಮೇಷನ್‌ಗೆ ತರುವ ಬಗೆ

ಕಿಡ್ನಿ ಕಸಿ ಮಾಡಿಸಿಕೊಂಡವರೊಬ್ಬರು ಎರಡು ತಿಂಗಳಿಗೊಮ್ಮೆ ಶ್ರೀನಿವಾಸಪುರದಿಂದ ಬೆಳಗಿನ ಬಸ್ಸಿಗೆ ಕೋಲಾರಕ್ಕೆ ಬಂದು ನಮ್ಮಲ್ಲಿ ರಕ್ತ ಕೊಡುತ್ತಾರೆ. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದ ಹಾಗೆ ತಡೆಯುವ ಟ್ಯಾಕ್ರೊಲಿಮಸ್‌ನ ಆ ಹೊತ್ತಿನ ಮಾತ್ರೆ ಅವರ ಅಂಗಿ ಜೇಬಿನಲ್ಲೇ ಇರುತ್ತದೆ. ರಕ್ತ ಕೊಟ್ಟ ಮೇಲೇ ನುಂಗಬೇಕು. ಯಾಕೆಂದರೆ ಮುಂದಿನ ಡೋಸಿಗೆ ಮುಂಚೆ ರಕ್ತದಲ್ಲಿ ಎಷ್ಟು ಔಷಧಿ ಉಳಿದಿದೆ ಅನ್ನೋದು ಡಾಕ್ಟರಿಗೆ ಬೇಕು. ಅವರದ್ದು ಯಾವಾಗಲೂ ಮಿಲಿಲೀಟರಿಗೆ 6ರಿಂದ 7 ನ್ಯಾನೋಗ್ರಾಂ ಇರುತ್ತಿತ್ತು. ನಮ್ಮ ಲ್ಯಾಬಿನಲ್ಲಿ ಸ್ಯಾಂಪಲ್ ಎಳೆದು ಹಾಕುವ ರೋಬೋಟ್ ಕೆಲಸ ಶುರು ಮಾಡಿದ ಮೂರನೇ ವಾರ 1.9 ಬಂತು.

ನಮ್ಮ ಪುಣ್ಯ, ಡಾಕ್ಟರು ಡೋಸ್ ಏರಿಸುವ ಮುಂಚೆ ಫೋನ್ ಮಾಡಿದರು. ಟ್ಯೂಬ್ ಇನ್ನೂ ಫ್ರಿಜ್ಜಿನಲ್ಲಿತ್ತು. ಚೆನ್ನಾಗಿ ತಿರುಗಿಸಿ ಕೈಯಲ್ಲೇ ಮತ್ತೆ ಮಾಡಿದೆವು, 6.4 ಬಂತು.

ಆಗಿದ್ದು ಇಷ್ಟೇ. ಟ್ಯಾಕ್ರೊಲಿಮಸ್ ಹೆಚ್ಚಾಗಿ ಕೆಂಪು ರಕ್ತಕಣಗಳೊಳಗೆ ಸೇರಿಕೊಳ್ಳುತ್ತದೆ. ಅದಕ್ಕೇ ಸೀರಮ್ ಅಲ್ಲ, ಹೆಪ್ಪುಗಟ್ಟದ ಹಾಗೆ ತಡೆಯುವ ಇಡಿಟಿಎ ಟ್ಯೂಬಿನ ಇಡೀ ರಕ್ತ ಬೇಕು. ಟ್ಯೂಬನ್ನು ರ‍್ಯಾಕಿನಲ್ಲಿ ನಿಲ್ಲಿಸಿ ಮುಕ್ಕಾಲು ಗಂಟೆ ಆಗಿತ್ತು. ಕಣಗಳು ಕೆಳಗಿಳಿದಿದ್ದವು. ರೋಬೋಟ್ ತನಗೆ ಹೇಳಿಕೊಟ್ಟ ಹಾಗೆ ಮೇಲ್ಭಾಗದಲ್ಲಿ ಟಿಪ್ ಅದ್ದಿ, ತಿಳಿ ಪ್ಲಾಸ್ಮಾ ಎಳೆದುಕೊಂಡಿತು. ನಮ್ಮ ಹಿರಿಯ ಟೆಕ್ನಿಷಿಯನ್ ಅಣ್ಣ ಇಪ್ಪತ್ತೆರಡು ವರ್ಷದಿಂದ ಟ್ಯೂಬ್ ಕೈಗೆ ತಗೊಂಡ ತಕ್ಷಣ ಎಂಟು ಹತ್ತು ಸಲ ತಲೆಕೆಳಗು ಮಾಡುತ್ತಿದ್ದರು. ಎಸ್‌ಒಪಿಯಲ್ಲಿ, ಅಂದರೆ ಕೆಲಸದ ಕ್ರಮ ಬರೆದಿಟ್ಟ ಕಾಗದದಲ್ಲಿ, ಆ ಸಾಲು ಇರಲೇ ಇಲ್ಲ. ಯಾರೂ ಬರೆದಿರಲಿಲ್ಲ, ಯಾಕೆಂದರೆ ಎಲ್ಲರೂ ಮಾಡುತ್ತಿದ್ದರು.

ಮಾಸ್ ಸ್ಪೆಕ್ (ಮಾಸ್ ಸ್ಪೆಕ್ಟ್ರೋಮೀಟರ್, ಅಣುಗಳನ್ನು ತೂಗಿ ಗುರುತಿಸುವ ಯಂತ್ರ) ವಿಭಾಗವನ್ನು ಆಟೊಮೇಷನ್‌ಗೆ ತರಬೇಕು ಅಂತ ಯಾರಾದರೂ ಕೇಳಿದರೆ ನಾನು ಈ ಕಥೆಯಿಂದಲೇ ಶುರು ಮಾಡುತ್ತೇನೆ. ಕಂಪನಿಯವರು ಬಂದು ಡೆಮೊ ಕೊಡುವಾಗ ಇದನ್ನು ಹೇಳೋದಿಲ್ಲ. ಅವರು ತರುವುದು ಬಣ್ಣದ ನೀರಿನ ಟ್ಯೂಬ್, ಅಲ್ವಾ? ಬಣ್ಣದ ನೀರು ಎಷ್ಟು ಹೊತ್ತು ನಿಂತರೂ ತಳ ಕಟ್ಟೋದಿಲ್ಲ.

ಮೊದಲು ಎರಡು ದಿನ ಸುಮ್ನೆ ಕೂತು ನೋಡಿ

ಕೊಟೇಶನ್ ತರಿಸುವ ಮುಂಚೆ ಒಂದು ನೋಟ್‌ಬುಕ್ ತಗೊಂಡು, ನಿಮ್ಮಲ್ಲಿ ಚೆನ್ನಾಗಿ ಪಿಪೆಟ್ ಮಾಡುವವರ (ದ್ರವ ಅಳೆದು ಎಳೆದು ಹಾಕುವವರ) ಹಿಂದೆ ಸ್ಟೂಲ್ ಹಾಕಿಕೊಂಡು ಕೂತುಬಿಡಿ. ಅವರು ಮಾಡುವುದನ್ನೆಲ್ಲ ಬರೆಯಿರಿ. ಯಾಕೆ ಅಂತ ಆಮೇಲೆ ಕೇಳಿ. ನಾನು ಈ ಕೆಲಸ ಮಾಡಿದ್ದು ಆ 1.9 ಬಂದ ಮೇಲೆ, ಬುದ್ಧಿ ಬಂದ ನಂತರ. ನಮ್ಮ ವಿಟಮಿನ್ ಡಿ ಎಸ್‌ಒಪಿಯಲ್ಲಿ ಹದಿನಾಲ್ಕು ಹೆಜ್ಜೆ ಇತ್ತು. ನನ್ನ ನೋಟ್‌ಬುಕ್ಕಿನಲ್ಲಿ ಅರವತ್ತೊಂದು ಆಯಿತು.

ಅಣ್ಣ ಟ್ಯೂಬನ್ನು ಕಿಟಕಿ ಬೆಳಕಿಗೆ ಹಿಡಿದು ಫೈಬ್ರಿನ್ (ಹೆಪ್ಪಿನ ಎಳೆ) ಇದೆಯಾ ನೋಡುತ್ತಾರೆ. ಸೀರಮ್ ಹಾಲಿನಂತೆ ಬೆಳ್ಳಗಿದ್ದರೆ ಪಕ್ಕಕ್ಕಿಡುತ್ತಾರೆ. ಟಿಪ್ ಹೊರಗೆಳೆಯುವಾಗ ಟ್ಯೂಬಿನ ಅಂಚಿಗೆ ತಾಗಿಸಿ ಹನಿ ಒರೆಸುತ್ತಾರೆ. ಮೆಥನಾಲ್ ಎಳೆಯುವ ಮುಂಚೆ ಟಿಪ್ಪಿನಲ್ಲಿ ಮೂರು ಸಲ ಮೇಲೆ ಕೆಳಗೆ ಮಾಡುತ್ತಾರೆ. ಯಾಕೆ ಅಣ್ಣಾ ಅಂದರೆ "ಅಭ್ಯಾಸಮ್ಮ" ಅಂದರು. ಆ ಅಭ್ಯಾಸಕ್ಕೆ ಕಾರಣ ಇದೆ. ಮೆಥನಾಲ್ ಬೇಗ ಆವಿ ಆಗುತ್ತದೆ. ಒಣ ಟಿಪ್ಪಿನೊಳಗಿನ ಗಾಳಿಗೆ ಆವಿ ಸೇರುತ್ತಾ ಹೋದರೆ ಒತ್ತಡ ಏರಿ ದ್ರವ ತಾನಾಗೇ ತೊಟ್ಟಿಕ್ಕುತ್ತದೆ. ಮೂರು ಸಲ ಒದ್ದೆ ಮಾಡಿದರೆ ಗಾಳಿ ಮೊದಲೇ ಆವಿಯಿಂದ ತುಂಬಿಕೊಳ್ಳುತ್ತದೆ, ಆಮೇಲೆ ಹನಿ ನಿಲ್ಲುತ್ತದೆ.

ಬರೆದ ಪ್ರತಿ ಸಾಲಿನ ಮುಂದೆ ಮೂರರಲ್ಲಿ ಒಂದು ಗುರುತು ಹಾಕಿ. ಯಂತ್ರ ಮಾಡಬಲ್ಲದು. ಯಂತ್ರ ನಿಂತು ನಮ್ಮನ್ನು ಕೇಳಬೇಕು. ಮನುಷ್ಯರೇ ಮಾಡಬೇಕು. ಟ್ಯೂಬ್ ತಿರುಗಿಸುವುದನ್ನು ನಾವು ಎರಡನೆಯದಕ್ಕೆ ಹಾಕಿದ್ದೇವೆ. ಈಗ ಟ್ಯಾಕ್ರೊಲಿಮಸ್ ರ‍್ಯಾಕ್ ಇಟ್ಟರೆ ರೋಬೋಟಿನ ಪರದೆಯಲ್ಲಿ "ಮಿಕ್ಸ್ ಮಾಡಿದ್ದು ಎಷ್ಟು ಗಂಟೆಗೆ?" ಅಂತ ಬರುತ್ತದೆ. ಹತ್ತು ನಿಮಿಷ ದಾಟಿದ್ದರೆ ಮುಂದೆ ಹೋಗುವುದಿಲ್ಲ. ಟ್ಯೂಬ್‌ಗಳು ರೋಲರ್ ಮಿಕ್ಸರಿನಿಂದ ನೇರ ರ‍್ಯಾಕಿಗೆ ಬರುತ್ತವೆ.

ಯಂತ್ರ ಏನು ಮಾಡುತ್ತದೆ, ಚುಟುಕಾಗಿ

ಹೊಸಬರಿಗೆ ನಾಲ್ಕು ಮಾತು. ರಕ್ತದ ಸಾರವನ್ನು ಕಾಲಂ (ಅಣುಗಳನ್ನು ಬೇರ್ಪಡಿಸುವ ಕೊಳವೆ) ಮೂಲಕ ಹಾಯಿಸಿ, ಸಣ್ಣ ಸೂಜಿಯಿಂದ ವಿದ್ಯುತ್ ಒತ್ತಡದಲ್ಲಿ ಚಿಮ್ಮಿಸಿ ಅಯಾನು, ಅಂದರೆ ವಿದ್ಯುತ್ ಆವೇಶ ಇರುವ ಕಣ, ಮಾಡುತ್ತಾರೆ. ಇದು ಎಲೆಕ್ಟ್ರೋಸ್ಪ್ರೇ. ದೊಡ್ಡ ಜೈವಿಕ ಅಣುಗಳನ್ನು ಹೀಗೆ ತೂಗಬಹುದು ಅಂತ ತೋರಿಸಿದ ಜಾನ್ ಫೆನ್ ಅವರಿಗೆ 2002ರಲ್ಲಿ ನೊಬೆಲ್ ಬಂತು. ಆಮೇಲೆ ಯಂತ್ರ ಒಂದು ತೂಕದ ಅಯಾನನ್ನು ಆರಿಸಿ, ಒಡೆದು, ಚೂರನ್ನು ಮತ್ತೆ ತೂಗುತ್ತದೆ. ಟ್ಯಾಕ್ರೊಲಿಮಸ್‌ಗೆ 821 ಒಡೆದು 768. ನಮ್ಮ ವಿಟಮಿನ್ ಡಿ ವಿಧಾನದಲ್ಲಿ 401 ಒಡೆದು 383. ಹೀಗೆ ಎರಡು ಸಲ ತೂಗುವುದರಿಂದ ಇದು ಡಿ2, ಡಿ3 ಎರಡನ್ನೂ ಬೇರೆ ಬೇರೆ ಹೇಳುತ್ತದೆ. ಆಂಟಿಬಾಡಿ ಕಿಟ್ಟುಗಳು ಅಲ್ಲಿ ಎಡವುವುದುಂಟು. ಪುಟ್ಟ ಮಕ್ಕಳ ರಕ್ತದಲ್ಲಿ ಜಾಸ್ತಿ ಇರುವ ಸಿ3 ಎಪಿಮರ್ ಅನ್ನುವ ವಿಟಮಿನ್ ಡಿ ರೂಪ ಮಾತ್ರ ತೂಕದಲ್ಲೂ ಒಂದೇ. ಅದನ್ನು ಕಾಲಂ ಬೇರ್ಪಡಿಸಬೇಕು, ಯಾವ ರೋಬೋಟೂ ಅದಕ್ಕೆ ಸಹಾಯ ಮಾಡೋದಿಲ್ಲ.

ಇನ್ನೊಂದು ಮುಖ್ಯ ಪಾತ್ರ ಇಂಟರ್ನಲ್ ಸ್ಟ್ಯಾಂಡರ್ಡ್. ಅಳೆಯಬೇಕಾದ ಅಣುವಿನ ಅವಳಿ, ಹೈಡ್ರೋಜನ್ ಬದಲು ಡ್ಯೂಟೀರಿಯಂ ಹಾಕಿ ತೂಕ ಸ್ವಲ್ಪ ಏರಿಸಿದ್ದು. ಎಲ್ಲ ಸ್ಯಾಂಪಲ್ಲಿಗೂ ಒಂದೇ ಅಳತೆ ಹಾಕುತ್ತೇವೆ. ದಾರಿಯಲ್ಲಿ ಏನು ಕಳೆದರೂ ಅವಳಿಯೂ ಅಷ್ಟೇ ಕಳೆಯುತ್ತದೆ, ಅನುಪಾತ ಉಳಿಯುತ್ತದೆ. ಆದರೆ ಇದು ಸರಿಮಾಡುವುದು ತಾನು ಬಿದ್ದ ಮೇಲೆ ಆದದ್ದನ್ನು ಮಾತ್ರ. ಟ್ಯೂಬಿನಿಂದ ರಕ್ತ ಎಳೆಯುವಾಗಲೇ ತಪ್ಪಿದರೆ ಆ ಅವಳಿ ಅಣುವಿಗೆ ಏನೂ ಗೊತ್ತಾಗುವುದಿಲ್ಲ. ಆ 1.9ರ ದಿನ ಇಂಟರ್ನಲ್ ಸ್ಟ್ಯಾಂಡರ್ಡ್ ನೋಡಿದರೆ ಎಲ್ಲಾ ಸುಂದರವಾಗಿತ್ತು.

ಯಾವುದನ್ನು ಮೊದಲು

ನಮ್ಮ ಲೆಕ್ಕ ಹೀಗಿತ್ತು. ದಿನಕ್ಕೆ ಸುಮಾರು 70 ವಿಟಮಿನ್ ಡಿ, 10 ಟ್ಯಾಕ್ರೊಲಿಮಸ್. ಒಂದು ಇಂಜೆಕ್ಷನ್‌ಗೆ 5 ನಿಮಿಷ. ಅಂದರೆ 80ಕ್ಕೆ 400 ನಿಮಿಷ, ಆರು ಗಂಟೆ ನಲವತ್ತು ನಿಮಿಷ. ಯಂತ್ರ ರಾತ್ರಿಯೂ ಓಡುತ್ತದೆ, ಅದಕ್ಕೆ ತೊಂದರೆ ಇಲ್ಲ. ಕಷ್ಟ ಇದ್ದದ್ದು ಅದರ ಮುಂಚಿನ ಮೂರು ಗಂಟೆ ಕೈಕೆಲಸದಲ್ಲಿ ಮತ್ತು ಆಮೇಲಿನ ಎರಡು ಗಂಟೆ ಗ್ರಾಫ್ ನೋಡುವುದರಲ್ಲಿ. ನಿಮ್ಮಲ್ಲಿ ದಿನಕ್ಕೆ 15 ಸ್ಯಾಂಪಲ್ ಬರುತ್ತಿದ್ದರೆ ರೋಬೋಟ್ ಬೇಡ. ಬಾರ್‌ಕೋಡ್ ಸರಿಮಾಡಿ, ಒಳ್ಳೆಯ ಎಲೆಕ್ಟ್ರಾನಿಕ್ ಪಿಪೆಟ್ ತಗೊಳ್ಳಿ, ಸಾಕು.

ಟ್ಯೂಬ್ ಇಟ್ಟರೆ ರಿಸಲ್ಟ್ ಬರುವ, ಎಲ್ಲಾ ಒಳಗೇ ಮಾಡುವ ಯಂತ್ರಗಳೂ ಇವೆ. ಶಿಮಾಡ್ಜು ಕಂಪನಿಯ ಕ್ಲಾಮ್ ತಾನೇ ಸ್ಯಾಂಪಲ್ ತಯಾರಿಸಿ ಮಾಸ್ ಸ್ಪೆಕ್‌ಗೆ ದಾಟಿಸುತ್ತದೆ. ರೋಶ್ ಕಂಪನಿಯ ಕೋಬಾಸ್ ಐ 601ಕ್ಕೆ 2024ರ ಡಿಸೆಂಬರಿನಲ್ಲಿ ಯುರೋಪಿನ ಸಿಇ ಮಾನ್ಯತೆ ಸಿಕ್ಕಿತು. ಒಳ್ಳೆಯವೇ. ಆದರೆ ಇಂಥ ಯಂತ್ರಗಳಲ್ಲಿ ಯಾವ ಪರೀಕ್ಷೆ ಮಾಡಬಹುದು, ಯಾವ ರೀಏಜೆಂಟ್ ಹಾಕಬೇಕು ಅನ್ನುವುದು ಬಹುಪಾಲು ಕಂಪನಿಯ ಕೈಯಲ್ಲಿ ಇರುತ್ತದೆ. ನಮ್ಮಂಥ ಜಿಲ್ಲಾ ಕೇಂದ್ರದ ಲ್ಯಾಬಿಗೆ ತುಂಡು ತುಂಡಾಗಿ ಮಾಡುವುದೇ ಸರಿ ಅಂತ ನನ್ನ ಅಭಿಪ್ರಾಯ. ಒಂದು ತುಂಡು ಕೆಟ್ಟರೆ ಅಣ್ಣನ ಕೈ ಇದ್ದೇ ಇದೆ.

ಸ್ಟಿಕ್ಕರ್ ಅಂದರೆ ಸಣ್ಣ ವಿಷಯ ಅಲ್ಲ

ನಮಗೆ ಮಾಲೂರು, ಬಂಗಾರಪೇಟೆ, ಮುಳಬಾಗಿಲು, ಚಿಂತಾಮಣಿ ಕಡೆಯ ಕಲೆಕ್ಷನ್ ಸೆಂಟರ್‌ಗಳಿಂದ ಹುಡುಗರು ಬೈಕಿನಲ್ಲಿ ಸ್ಯಾಂಪಲ್ ತರುತ್ತಾರೆ. ಐಸ್ ಪ್ಯಾಕಿನ ಡಬ್ಬಿ ತೆಗೆದ ತಕ್ಷಣ ಟ್ಯೂಬಿನ ಮೇಲೆ ಬೆವರು ಕೂರುತ್ತದೆ. ಸ್ಟಿಕ್ಕರ್ ನೆನೆದು ಅಂಚು ಏಳುತ್ತದೆ. ಎದ್ದ ಅಂಚು ರ‍್ಯಾಕಿಗೆ ಅಂಟಿ, ರೋಬೋಟ್ ಟ್ಯೂಬ್ ಎತ್ತಿದರೆ ರ‍್ಯಾಕೂ ಜೊತೆಗೆ ಏಳುತ್ತದೆ. ಒಮ್ಮೆ ಹೀಗೆ ಹನ್ನೆರಡು ಟ್ಯೂಬ್ ಡೆಕ್ ಮೇಲೆ ಚೆಲ್ಲಾಪಿಲ್ಲಿ ಆಗಿ, ಒರೆಸುವುದರಲ್ಲೇ ಅರ್ಧ ದಿನ ಹೋಯಿತು.

ಅದಕ್ಕೆ ಮೊದಲ ಖರ್ಚು ಇಲ್ಲಿ ಮಾಡಿ. ಥರ್ಮಲ್ ಸ್ಟಿಕ್ಕರ್ ಬೇಡ, ಸ್ಪಿರಿಟ್ ತಾಗಿದರೆ ಗೆರೆ ಮಾಯ. ನೀರು ತಡೆಯುವ, ರಿಬ್ಬನ್ ಪ್ರಿಂಟಿನ ಸ್ಟಿಕ್ಕರ್ ತರಿಸಿ. ಟ್ಯೂಬಿನ ಉದ್ದಕ್ಕೆ ನೇರ ಅಂಟಿಸಬೇಕು, ಅಡ್ಡಡ್ಡ ಅಲ್ಲ. ಒಂದು ಕಡೆ ಬೆರಳಗಲ ಜಾಗ ಖಾಲಿ ಬಿಟ್ಟು ಒಳಗಿನ ಮಟ್ಟ ಕಾಣಬೇಕು. ಇದನ್ನು ಬಾಯಲ್ಲಿ ಹೇಳಿದರೆ ಯಾರಿಗೂ ನೆನಪಿರೋದಿಲ್ಲ. ನಾನು ಸರಿಯಾಗಿ ಅಂಟಿಸಿದ ಒಂದು ಖಾಲಿ ಟ್ಯೂಬನ್ನೇ ಪ್ರತಿ ಸೆಂಟರಿಗೂ ಕೊಟ್ಟುಬಿಟ್ಟೆ, ಮೇಜಿನ ಮೇಲೆ ಇಟ್ಟುಕೊಳ್ಳಿ ಅಂತ. ಹದಿನೈದು ದಿನದಲ್ಲಿ ಬಹುಪಾಲು ಸರಿಹೋಯಿತು.

ಟ್ಯೂಬಿನ ಅಳತೆಯೂ ಒಂದೇ ಇರಲಿ. 13ಕ್ಕೆ 75 ಮಿಲಿಮೀಟರಿನದು ಬರುವ ರ‍್ಯಾಕಿನಲ್ಲಿ 13ಕ್ಕೆ 100ರದ್ದು ಒಂದು ಸೇರಿಕೊಂಡರೆ ರೋಬೋಟಿನ ಕೈ ಹೋಗಿ ಗುದ್ದುತ್ತದೆ. ಮಕ್ಕಳ ಪುಟ್ಟ ಟ್ಯೂಬ್‌ಗಳನ್ನು ರೋಬೋಟಿಗೆ ಕೊಡಲೇಬೇಡಿ. ತಳದಲ್ಲಿ ಇಷ್ಟೇ ಇಷ್ಟು ರಕ್ತ ಇರುತ್ತದೆ. ಅದು ಗಾಳಿ ಎಳೆದರೆ ಆ ಕೂಸಿಗೆ ಮತ್ತೆ ಚುಚ್ಚಬೇಕಾಗುತ್ತದೆ.

ಇನ್ನೊಂದು ಬಲೆ ಕಂಪ್ಯೂಟರಿನೊಳಗಿದೆ. ಲ್ಯಾಬ್ ಸಾಫ್ಟ್‌ವೇರಿನಿಂದ ವರ್ಕ್‌ಲಿಸ್ಟ್ ಸಿಎಸ್‌ವಿ ಫೈಲಾಗಿ ಬರುತ್ತದೆ. ಯಾರೋ ಪಾಪ, ಒಂದು ಹೆಸರು ತಿದ್ದೋಣ ಅಂತ ಅದನ್ನು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡುತ್ತಾರೆ. ಎಕ್ಸೆಲ್ ಬಾರ್‌ಕೋಡಿನ ಮುಂದಿನ ಸೊನ್ನೆಗಳನ್ನು ನುಂಗಿಬಿಡುತ್ತದೆ, ಉದ್ದ ನಂಬರನ್ನು ಚುಟುಕು ಮಾಡಿಬಿಡುತ್ತದೆ. ಆಮೇಲೆ ರೋಬೋಟಿಗೆ ಒಂದು ಟ್ಯೂಬಿನ ಗುರುತೂ ಸಿಗುವುದಿಲ್ಲ. ಇದಾದರೂ ಪರವಾಗಿಲ್ಲ, ಕೆಲಸ ನಿಂತಿದ್ದು ಗೊತ್ತಾಗುತ್ತದೆ. ಒಂದು ಸಾಲು ಅಳಿಸಿಹೋಗಿ, ಬಾರ್‌ಕೋಡ್ ಓದದೆ ಜಾಗದ ಲೆಕ್ಕದಲ್ಲೇ ಓಡಿಸಿದರೆ ಎಲ್ಲರ ರಿಸಲ್ಟೂ ಒಂದೊಂದು ಮನೆ ಮುಂದಕ್ಕೆ ಜಾರುತ್ತದೆ. ಅದು ಮಾತ್ರ ಯಾರಿಗೂ ಗೊತ್ತಾಗೋದಿಲ್ಲ. ಆ ಫೋಲ್ಡರಿಗೆ ಮನುಷ್ಯರು ಕೈಹಾಕದ ಹಾಗೆ ಬೀಗ ಹಾಕಿಸಿ. ಟ್ಯೂಬಿನಿಂದ ಎಳೆಯುವ ಕ್ಷಣದಲ್ಲೇ ಬಾರ್‌ಕೋಡ್ ಓದಿ, ಪ್ಲೇಟಿನ ವೆಲ್ (ಸಣ್ಣ ಗುಳಿ) ನಂಬರಿನ ಜೊತೆ ಬರೆದಿಡುವ ವ್ಯವಸ್ಥೆ ಇಲ್ಲದ ರೋಬೋಟ್ ತಗೊಳ್ಳಬೇಡಿ, ಎಷ್ಟೇ ಅಗ್ಗ ಇದ್ದರೂ.

ರೋಬೋಟಿಗೆ ದ್ರವ ಕಲಿಸುವುದು

ನೀರು, ಸೀರಮ್, ರಕ್ತ, ಮೆಥನಾಲ್, ಅಸಿಟೋನೈಟ್ರೈಲ್ ಒಂದೊಂದಕ್ಕೂ ಒಂದೊಂದು ಗುಣ. ರಕ್ತ ಮಂದ, ನಿಧಾನ ಎಳೆದು ಟಿಪ್ ಹೊರಗೆ ತೆಗೆಯುವ ಮುಂಚೆ ಒಂದು ಸೆಕೆಂಡ್ ಕಾಯಬೇಕು. ಮೆಥನಾಲ್, ಅಸಿಟೋನೈಟ್ರೈಲ್‌ನಂಥ ಸಾಲ್ವೆಂಟ್‌ಗಳಿಗೆ ಟಿಪ್ ಒದ್ದೆ ಮಾಡಿ, ಎಳೆದ ಮೇಲೆ ಟಿಪ್ಪಿನ ಬಾಯಲ್ಲಿ ಒಂಚೂರು ಗಾಳಿ ಹಿಡಿಸಬೇಕು. ರೋಬೋಟಿನ ಜೊತೆ ಬರುವ ಸೆಟ್ಟಿಂಗ್ ಸುಮಾರಾಗಿ ಸರಿ ಇರುತ್ತದೆ, ಪೂರ್ತಿ ಅಲ್ಲ.

ಪರೀಕ್ಷೆ ಸುಲಭ. ಒಂದು ಮೈಕ್ರೋಲೀಟರ್ ನೀರು ಹತ್ತಿರ ಹತ್ತಿರ ಒಂದು ಮಿಲಿಗ್ರಾಂ. ಒಳ್ಳೆಯ ತಕ್ಕಡಿ ಮೇಲೆ ಸಣ್ಣ ಬಾಟಲಿ ಇಟ್ಟು 50 ಮೈಕ್ರೋಲೀಟರನ್ನು ಹತ್ತು ಸಲ ಹಾಕಿಸಿ, ತೂಕ ಬರೆಯಿರಿ. ರೋಬೋಟಿಗೆ ಎಂಟು ಚಾನೆಲ್ (ಪಕ್ಕಪಕ್ಕದ ಪಿಪೆಟ್‌ಗಳು) ಇದ್ದರೆ ಎಂಟಕ್ಕೂ ಬೇರೆ ಬೇರೆ. ಫ್ಯಾನ್ ಆಫ್ ಮಾಡಿ, ಎಸಿ ಗಾಳಿ ತಕ್ಕಡಿಗೆ ಬಡಿಯದಿರಲಿ. ನಾನು ಒಪ್ಪುವುದು ಶೇಕಡಾ 2ರೊಳಗಿನ ಏರಿಳಿತ. ನೀರಾದ ಮೇಲೆ ಉಳಿದ ಸೀರಮ್ಮಿನಿಂದ ಮಾಡಿ, ಅಲ್ಲಿ ನಿಜವಾದ ಬಣ್ಣ ಗೊತ್ತಾಗುತ್ತದೆ.

ಹೆಪ್ಪು ಪತ್ತೆ ಮಾಡುವ ಸೆನ್ಸರ್ ಇರಲೇಬೇಕು. ರಕ್ತ ಪೂರ್ತಿ ಹೆಪ್ಪುಗಟ್ಟುವ ಮುಂಚೆ, ಅರ್ಧ ಗಂಟೆ ಕಾಯದೆ ಸೆಂಟ್ರಿಫ್ಯೂಜ್‌ಗೆ ಹಾಕಿದ ಟ್ಯೂಬಿನಲ್ಲಿ ಫೈಬ್ರಿನ್ ಎಳೆ ಉಳಿಯುತ್ತದೆ. ಟಿಪ್ ಮೇಲೆದ್ದರೆ ಅದೂ ಹಿಂದೆಯೇ ಬರುತ್ತದೆ, ಬಿಸಿನೀರಿನ ಗೂಡಿನಿಂದ ರೇಷ್ಮೆ ನೂಲು ಎದ್ದ ಹಾಗೆ. ಪಕ್ಕದ ನಾಲ್ಕು ವೆಲ್‌ಗಳ ಮೇಲೆ ಎಳೆದುಕೊಂಡು ಹೋಗುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಸೀರಮ್ಮಿಗೆ ಅಸಿಟೋನೈಟ್ರೈಲ್ ಬಿದ್ದಾಗ ಪ್ರೋಟೀನ್ ಒಡೆದ ಹಾಲಿನ ಹಾಗೆ ಬೇರ್ಪಡುತ್ತದೆ. ಅಲ್ಲಿ ಗಂಟು ಕಟ್ಟಿದರೆ ವಿಟಮಿನ್ ಡಿ ಗಂಟಿನೊಳಗೇ ಸಿಕ್ಕಿಕೊಳ್ಳುತ್ತದೆ. ಮೊದಲು ಸೀರಮ್, ಅದಕ್ಕೆ ಇಂಟರ್ನಲ್ ಸ್ಟ್ಯಾಂಡರ್ಡ್, ಸ್ವಲ್ಪ ಹೊತ್ತು ಬಿಟ್ಟು ಸಾಲ್ವೆಂಟ್ ಜೋರಾಗಿ, ತಕ್ಷಣ ಶೇಕರ್. ಈ ಕ್ರಮ ನಮ್ಮಲ್ಲಿ ಕೂಡಿಬಂದಿದೆ.

ಪ್ಲೇಟ್ ತಿರುಗಿದ ದಿನ

96 ವೆಲ್ ಪ್ಲೇಟಿನ ಒಂದು ಮೂಲೆ ಕತ್ತರಿಸಿರುತ್ತಾರೆ, ದಿಕ್ಕು ಗೊತ್ತಾಗಲಿ ಅಂತ. ಆದರೂ ರಾತ್ರಿ ಪಾಳಿಯಲ್ಲಿ ತಿರುಗಿಸಿ ಇಟ್ಟರೆ ನಮ್ಮ ಆಟೊಸ್ಯಾಂಪ್ಲರ್ ಬಾಯಿಮುಚ್ಚಿಕೊಂಡು ಒಪ್ಪಿಕೊಳ್ಳುತ್ತದೆ. ಎ1 ಜಾಗಕ್ಕೆ ಎಚ್12 ಬರುತ್ತದೆ. ಆ ದಿನ ಕ್ಯಾಲಿಬ್ರೇಷನ್ ಗೆರೆ (ಮಟ್ಟ ಮೊದಲೇ ಗೊತ್ತಿರುವ ಕ್ಯಾಲಿಬ್ರೇಟರ್‌ಗಳಿಂದ ಎಳೆಯುವ ಅಳತೆಗೆರೆ) ಹುಚ್ಚುಹುಚ್ಚಾಗಿ ಬಂದಿದ್ದರಿಂದ ಸಿಕ್ಕಿಬಿತ್ತು. ಕ್ಯಾಲಿಬ್ರೇಟರ್‌ಗಳು ಬೇರೆ ಪ್ಲೇಟಿನಲ್ಲಿ ಇದ್ದಿದ್ದರೆ? ಅವತ್ತಿನಿಂದ ನಾವು ಪ್ಲೇಟಿನಲ್ಲಿ ಒಂದು ವೆಲ್ಲಿಗೆ ಇಂಟರ್ನಲ್ ಸ್ಟ್ಯಾಂಡರ್ಡೂ ಇಲ್ಲದ ಖಾಲಿ ಬ್ಲ್ಯಾಂಕ್ ಹಾಕುತ್ತೇವೆ, ಪ್ರತಿದಿನ ಬೇರೆ ಜಾಗದಲ್ಲಿ. ಸಾಫ್ಟ್‌ವೇರ್ ಆ ಜಾಗದಲ್ಲಿ ಖಾಲಿ ಕಾಣದಿದ್ದರೆ ಇಡೀ ಪ್ಲೇಟ್ ತಡೆಹಿಡಿಯುತ್ತದೆ. ಐದು ಪೈಸೆ ಖರ್ಚಿಲ್ಲದ ಉಪಾಯ. ಜೊತೆಗೆ ಕ್ಯೂಸಿಗಳನ್ನು (ಉತ್ತರ ಮೊದಲೇ ಗೊತ್ತಿರುವ ತಪಾಸಣೆ ಸ್ಯಾಂಪಲ್) ಮೊದಲಲ್ಲಿ, ನಡುವೆ, ಕೊನೆಯಲ್ಲಿ ಹಂಚಿ. ಎಲ್ಲಾ ಒಂದೇ ಸಾಲಿನಲ್ಲಿದ್ದರೆ ಒಂದೇ ಚಾನೆಲಿನ ಆರೋಗ್ಯ ಮಾತ್ರ ತಿಳಿಯುತ್ತದೆ.

ಒಂದೇ ಒಂದು ಗ್ರಾಫ್ ನೋಡಲು ಟೈಮ್ ಇದ್ದರೆ

ಇಂಟರ್ನಲ್ ಸ್ಟ್ಯಾಂಡರ್ಡ್ ಎಷ್ಟು ಬಂತು ಅನ್ನುವುದನ್ನು ಇಂಜೆಕ್ಷನ್ ಕ್ರಮದಲ್ಲಿ ಚುಕ್ಕಿ ಹಾಕಿ ನೋಡಿ. ಬೇರೆ ಏನೂ ಬೇಡ. ನಾನು ಬೆಳಿಗ್ಗೆ ಕಾಫಿ ಕುಡಿಯುತ್ತಾ ಮೊದಲು ನೋಡುವುದು ಇದನ್ನೇ.

ಚುಕ್ಕಿಗಳು ನೆಟ್ಟಗಿದ್ದರೆ ಸಂತೋಷ. ಮೆಲ್ಲಮೆಲ್ಲ ಇಳಿಯುತ್ತಿದ್ದರೆ ಅಯಾನ್ ಸೋರ್ಸ್ ಗಲೀಜಾಗಿದೆ, ಒರೆಸಬೇಕು. ಯಾವುದೋ ಒಂದೇ ಚುಕ್ಕಿ ಕೆಳಗೆ ಬಿದ್ದಿದ್ದರೆ ಆ ಸ್ಯಾಂಪಲ್ಲಿನಲ್ಲಿ ಏನೋ ಅಯಾನುಗಳನ್ನು ಅಡಗಿಸುತ್ತಿದೆ, ಎಷ್ಟೋ ಸಲ ಫಾಸ್ಫೊಲಿಪಿಡ್ ಅನ್ನುವ ಕೊಬ್ಬು, ಇಲ್ಲವೇ ಹಾಕಿದ್ದೇ ಕಡಿಮೆ. ಇನ್ನು ಗರಗಸದ ಹಲ್ಲಿನ ಹಾಗೆ ಎಂಟಕ್ಕೊಂದು ಚುಕ್ಕಿ ಏರಿಳಿದರೆ? ಒಂದು ಚಾನೆಲಿನ ಓ ರಿಂಗ್ ಅನ್ನುವ ರಬ್ಬರ್ ಉಂಗುರ ಹೋಗಿದೆ. ನಮಗೆ ಒಮ್ಮೆ ಐದನೇ ಚಾನೆಲ್ ಹಾಗೆ ಆಗಿತ್ತು. ಇ ಸಾಲಿನ ವೆಲ್‌ಗಳಿಗೆಲ್ಲ ಅವಳಿ ಕಡಿಮೆ ಬಿದ್ದು, ರೋಗಿಯ ರಿಸಲ್ಟ್ ಜಾಸ್ತಿ ಕಾಣುತ್ತಿತ್ತು. ಒಂದೊಂದೇ ರಿಪೋರ್ಟ್ ನೋಡಿದರೆ ಯಾವುದೂ ಅನುಮಾನ ಹುಟ್ಟಿಸುವ ಹಾಗಿರಲಿಲ್ಲ. ಒಟ್ಟಿಗೆ ಚುಕ್ಕಿ ಹಾಕಿದಾಗ ಸಣ್ಣ ಮಗುವೂ ತೋರಿಸುವಷ್ಟು ಸ್ಪಷ್ಟ ಇತ್ತು.

ರಿಪೋರ್ಟ್ ತಾನಾಗೇ ಹೋಗುವ ವ್ಯವಸ್ಥೆಗೆ ಈ ಗ್ರಾಫೇ ಬುನಾದಿ. ನಾವು ಹಾಕಿದ ನಿಯಮಗಳು: ಅವಳಿಯ ಅಳತೆ ಆ ದಿನದ ಸರಾಸರಿಯ ಅರ್ಧದಿಂದ ಒಂದೂವರೆ ಪಟ್ಟಿನೊಳಗೆ, ಒಡೆದ ಎರಡು ಚೂರುಗಳ ಅನುಪಾತದ ವ್ಯತ್ಯಾಸ ಶೇಕಡಾ 20ರೊಳಗೆ, ಪೀಕ್ ಬರುವ ಸಮಯ ಸರಿ, ರಿಸಲ್ಟ್ ಕ್ಯಾಲಿಬ್ರೇಷನ್ ವ್ಯಾಪ್ತಿಯೊಳಗೆ, ಆ ರೋಗಿಯ ಹಿಂದಿನ ರಿಸಲ್ಟಿಗೂ ಇದಕ್ಕೂ ತೀರಾ ದೂರ ಇಲ್ಲ. ಕೊನೆಯದು ಇದ್ದಿದ್ದರೆ ಆ 1.9 ನಮ್ಮ ಬಾಗಿಲು ದಾಟುತ್ತಿರಲಿಲ್ಲ. ಎಲ್ಲಾ ಸರಿ ಇದ್ದರೆ ಹಸಿರು, ಒಂದು ತಪ್ಪಿದರೂ ಮನುಷ್ಯರ ಮುಂದೆ. ಆದರೆ ಮೊದಲ ಮೂರು ತಿಂಗಳು ಹಸಿರನ್ನೂ ಬಿಡಬೇಡಿ. ಸಾಫ್ಟ್‌ವೇರ್ ತನ್ನ ತೀರ್ಪು ಹೇಳಲಿ, ನೀವು ಅದನ್ನು ನೋಡದೆ ನಿಮ್ಮ ತೀರ್ಪು ಬರೆಯಿರಿ, ಆಮೇಲೆ ಎರಡನ್ನೂ ಹೋಲಿಸಿ. ಟ್ಯಾಕ್ರೊಲಿಮಸ್ ಅನ್ನು ನಾನು ಇವತ್ತಿಗೂ ತಾನಾಗೇ ಹೋಗಲು ಬಿಟ್ಟಿಲ್ಲ. ಹತ್ತು ರಿಪೋರ್ಟ್ ನೋಡಲು ಎಷ್ಟು ಹೊತ್ತು ಬೇಕು ಹೇಳಿ.

ನೀರು ಮತ್ತು ಕರೆಂಟು

ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ ನಮ್ಮದು. ಸಾವಿರ ಅಡಿ ದಾಟಿದ ಬೋರ್‌ವೆಲ್ ನೀರು, ಉಪ್ಪು, ಫ್ಲೋರೈಡು ಎಲ್ಲಾ ಗೊತ್ತಿರುವುದೇ. ಮಾಸ್ ಸ್ಪೆಕ್ಕಿಗೆ ಎಲ್‌ಸಿಎಂಎಸ್ ಗ್ರೇಡ್ ಅಂತ ಬರೆದ ಸೀಲ್ ಬಾಟಲಿ ನೀರೇ ಬೇಕು. ಒಂದು ಭಾನುವಾರ ಬಾಟಲಿ ಖಾಲಿ ಆಗಿದೆ ಅಂತ ಯಾರೋ ಕುಡಿಯುವ ನೀರಿನ ಕ್ಯಾನಿನಿಂದ ತುಂಬಿಸಿದ್ದರು. ಸೋಮವಾರ ನಮ್ಮ ಲ್ಯಾಬಿನಲ್ಲಿ ಕೆಲಸ ಮಾಡುವ ಮುಳಬಾಗಿಲಿನ ಹುಡುಗಿ ಬಂದು "ಅಕ್ಕ, 821 ಬಿದ್ದುಹೋಗಿದೆ, 826 ಎದ್ದಿದೆ" ಅಂದಳು. ಟ್ಯಾಕ್ರೊಲಿಮಸ್ ಅಮೋನಿಯಂ ಜೊತೆ ಸೇರಿದರೆ 821, ಸೋಡಿಯಂ ಜೊತೆ ಸೇರಿದರೆ 826. ಕ್ಯಾನಿನ ನೀರಿನ ಸೋಡಿಯಂ ಎಲ್ಲವನ್ನೂ ತನ್ನ ಕಡೆ ಎಳೆದುಕೊಂಡಿತ್ತು. ಈಗ ಬಾಟಲಿಗಳ ಕುತ್ತಿಗೆಗೆ ಕೆಂಪು ಟೇಪು, ದಿನಾಂಕ. ಸಾಲ್ವೆಂಟ್ ಬಾಟಲಿಗಳನ್ನು ಸೋಪಿನಿಂದ ತೊಳೆಯಲೂಬಾರದು. ಎಷ್ಟು ಜಾಲಿಸಿದರೂ ಸೋಪು ವಾರಗಟ್ಟಲೆ ಸಿಗ್ನಲ್ಲಿನಲ್ಲಿ ಕಾಣುತ್ತದೆ. ಮನೆಯಲ್ಲಿ ಶುಚಿ ಅಂದರೆ ಒಂದು, ಇಲ್ಲಿ ಇನ್ನೊಂದು. ಹೊಸದಾಗಿ ಬಂದ ಆಯಾಗೆ ಮೊದಲ ದಿನವೇ ಹೇಳಿ.

ಕರೆಂಟಿನ ವಿಷಯ. ಶಿವನಸಮುದ್ರದಿಂದ 1902ರಲ್ಲೇ ಕೆಜಿಎಫ್ ಗಣಿಗೆ ವಿದ್ಯುತ್ ಬಂದ ಜಿಲ್ಲೆ ಇದು ಅಂತ ಹೆಮ್ಮೆ ಪಡುತ್ತೇವೆ, ಮಳೆ ಬಂದರೆ ಲೈಟು ಮಿಟುಕುವುದು ತಪ್ಪಿಲ್ಲ. ಯುಪಿಎಸ್‌ಗೆ ಮಾಸ್ ಸ್ಪೆಕ್ ಮಾತ್ರ ಹಾಕಿ ನೈಟ್ರೋಜನ್ ಜನರೇಟರಿನ ಕಂಪ್ರೆಸರ್ ಮರೆಯುವವರು ತುಂಬಾ ಜನ. ಯಂತ್ರ ಆನ್ ಇರುತ್ತದೆ, ಗ್ಯಾಸ್ ಇರುವುದಿಲ್ಲ. ವ್ಯಾಕ್ಯೂಮ್ ಪಂಪನ್ನೂ ಮರೆಯಬೇಡಿ. ಕಂಪ್ರೆಸರ್ ಶುರುವಾಗುವಾಗ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಅದನ್ನು ಲೆಕ್ಕ ಹಾಕಿಸಿಯೇ ಯುಪಿಎಸ್ ತಗೊಳ್ಳಿ. ರೋಬೋಟ್ ಅರ್ಧ ಪ್ಲೇಟಿನಲ್ಲಿ ನಿಂತರೆ ಎಲ್ಲಿಗೆ ಹಾಕಿತ್ತು, ಎಲ್ಲಿಗೆ ಇಲ್ಲ ಅಂತ ಊಹೆ ಬೇಡ. ಪ್ಲೇಟ್ ಎಸೆದು ಹೊಸದು ಶುರು ಮಾಡಿ.

ಹೋಲಿಕೆ, ಕಾಗದ, ಮತ್ತು ಕೈ

ಹಳೆಯ ಕೈ ವಿಧಾನ, ಹೊಸ ರೋಬೋಟ್ ವಿಧಾನ ಎರಡರಲ್ಲೂ ಒಂದೇ ಸ್ಯಾಂಪಲ್‌ಗಳನ್ನು ಮಾಡಿ. ಕನಿಷ್ಠ 40, ಕಡಿಮೆ ಮಟ್ಟದಿಂದ ಜಾಸ್ತಿ ಮಟ್ಟದವರೆಗೂ ಹರಡಿರಲಿ, ಒಂದೇ ದಿನ ಬೇಡ. ಒಂದೇ ಕ್ಯೂಸಿಯನ್ನು ಐದು ದಿನ, ದಿನಕ್ಕೆ ಐದು ಸಲ ಓಡಿಸಿ. ತುಂಬಾ ಜಾಸ್ತಿ ಇರುವ ಸ್ಯಾಂಪಲ್ ಪಕ್ಕ ಬ್ಲ್ಯಾಂಕ್, ಮತ್ತೆ ಜಾಸ್ತಿ, ಮತ್ತೆ ಬ್ಲ್ಯಾಂಕ್, ಚದುರಂಗದ ಮಣೆಯ ಹಾಗೆ ಇಟ್ಟರೆ ಹನಿ ಹಾರುತ್ತಿದೆಯಾ ಗೊತ್ತಾಗುತ್ತದೆ. ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್‌ನವರು ವೈದ್ಯಕೀಯ ಲ್ಯಾಬ್‌ಗಳ ಗುಣಮಟ್ಟದ ನಿಯಮ ಐಎಸ್‌ಒ 15189ರ ಪ್ರಕಾರ ಇದನ್ನೆಲ್ಲ ಕೇಳುತ್ತಾರೆ. ಬದಲಾವಣೆ ಮಾಡಿದ ದಿನವೇ ಬರೆದಿಟ್ಟರೆ ಆಡಿಟ್ ಹಿಂದಿನ ರಾತ್ರಿ ನಿದ್ದೆ ಬರುತ್ತದೆ. ನಾನು ಒಂದು ವರ್ಷ ಬರೆದಿಡದೆ ಪಾಠ ಕಲಿತಿದ್ದೇನೆ.

ಟೊಮ್ಯಾಟೊ ಸೀಸನ್ನಿನಲ್ಲಿ ಎಪಿಎಂಸಿ ಮುಂದೆ ಲಾರಿ ಸಾಲು ನಿಂತು ಸ್ಯಾಂಪಲ್ ತಡವಾಗಿ ಬರುವುದುಂಟು. ಹಾಗಾಗಿ ಪ್ಲೇಟ್ ಮುಚ್ಚುವ ಹೊತ್ತನ್ನು ಮಧ್ಯಾಹ್ನ ಎರಡಕ್ಕೆ ಇಟ್ಟಿದ್ದೇವೆ. ಆಮೇಲೆ ಬಂದ ಅರ್ಜೆಂಟ್ ಟ್ಯಾಕ್ರೊಲಿಮಸ್ ಕೈಯಲ್ಲೇ ಆಗುತ್ತದೆ. ಕೈ ಮರೆಯಬಾರದು ಅಂತ ಪ್ರತಿ ತಿಂಗಳ ಮೊದಲ ಶನಿವಾರ ಒಂದು ಸಣ್ಣ ಪ್ಲೇಟನ್ನು ಪೂರ್ತಿ ಕೈಯಲ್ಲಿ ಮಾಡುತ್ತೇವೆ, ಸರದಿ ಪ್ರಕಾರ. ಈ ಶನಿವಾರ ಮುಳಬಾಗಿಲಿನ ಹುಡುಗಿಯದು. ಹೋದ ಸಲ ಅವಳು ಪಿಪೆಟ್ ಮುಟ್ಟುವ ಮುಂಚೆ ಟ್ಯೂಬ್ ಹಿಡಿದು ಎಂಟು ಸಲ ತಿರುಗಿಸಿದ್ದನ್ನು ಅಣ್ಣ ಸ್ಟೂಲ್ ಮೇಲೆ ಕೂತು ಎಣಿಸಿದ್ದರು. "ಇನ್ನೆರಡು" ಅಂದರು.